ಪುರಾಣಕ್ಕೆ ಹಾಜರಿ

ಶ್ರಾವಣ ಬಂತೆಂದರೆ ಮಂಜುಳಾ ಟೀಚರಿಗೆ ಸಂಜೆ ಹೊತ್ತು ಬೇರೆ ಯಾವ ಕೆಲಸವೂ ರುಚಿಸುತ್ತಿರಲಿಲ್ಲ. ಸಂಪಗಾಂವದಿಂದ ಒಳಕ್ಕೆ ಹೊರಳುವ ರಸ್ತೆಯ ಮೇಲಿನ ಆ ಊರಿನ ಪ್ರೌಢಶಾಲೆಗೆ ಗಣಿತ ಕಲಿಸಲು ಬಂದಾಗಿನಿಂದ ಊರ ಮಠದ ಎಡಗಡೆಯ ಕಂಬವೊಂದು ಅವಳದೇ ಆಗಿಹೋಗಿತ್ತು. ಅಡುಗೆ ಮುಗಿಸಿ, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಆ ಕಂಬಕ್ಕೆ ಬೆನ್ನು ಕೊಟ್ಟು ಕೂತಳೆಂದರೆ, ಶಟ್ಟೆಪ್ಪಜ್ಜ ಪುರಾಣದ ಪದ್ಯ ಎತ್ತಿಕೊಂಡ ಕ್ಷಣದಿಂದ ಮಂಗಳಾರತಿಯ ಗಂಟೆಯವರೆಗೆ ಅವಳಿಗೆ ಈ ಲೋಕದ ಹಂಗಿಲ್ಲ. ಸವದತ್ತಿ ಕಡೆಯ ತವರುಮನೆಯಲ್ಲಿ ತಂದೆ ಎಮ್ಮೆ ಹಿಂಡುವಾಗಲೂ ಷಟ್ಪದಿ ಹೇಳುತ್ತಿದ್ದವರು. ಅರ್ಥ ತಿಳಿಯುವ ಮೊದಲೇ ಲಯ ಕಿವಿಗೆ ಬಿದ್ದ ಕೂಸು ಅದು. ಪದ್ಯ ಕೇಳುವುದೆಂದರೆ ಅವಳಿಗೆ ನೀರಡಿಸಿದವರು ನೀರು ಕುಡಿದ ಹಾಗೆ.

ಶಟ್ಟೆಪ್ಪಜ್ಜ ರಾಮದುರ್ಗ ತಾಲೂಕಿನ ತೊರಗಲ್ ಕಡೆಯವರು. ಪ್ರತಿ ಶ್ರಾವಣಕ್ಕೂ ಒಂದು ಕೈಚೀಲ, ಒಂದು ಗ್ರಂಥ ಹಿಡಿದು ಬಂದು, ಮಠದಲ್ಲೇ ಇಳಿದುಕೊಂಡು, ತಿಂಗಳಿಡೀ ಪುರಾಣ ಹೇಳಿ, ಕೊನೆಯ ದಿನ ಮಂಗಲ ಮಾಡಿ ಊರಿಗೆ ಹೋಗುವವರು. ಎದುರಿಗೆ ಕೂಡುತ್ತಿದ್ದವರು ಬೆರಳೆಣಿಕೆಯ ಮುದುಕ ಮುದುಕಿಯರು, ಪ್ರಸಾದದ ಮೇಲೆ ಕಣ್ಣಿಟ್ಟ ಕೆಲವು ಹುಡುಗರು. ಅದರಲ್ಲಿ ಅರ್ಧ ಜನ ತೂಕಡಿಸುವರು. ಅಜ್ಜನಿಗೆ ಅದರ ಬೇಸರವಿರಲಿಲ್ಲ. ದಣಿದವರ ನಿದ್ದೆಯೂ ಒಂದು ನಮಸ್ಕಾರವೇ ಎನ್ನುತ್ತಿದ್ದರು.

ಇಂಥ ಪುರಾಣಕ್ಕೆ ಈ ವರ್ಷ ಗಂಡಾಂತರ ಬಂದದ್ದು ಮಂಜುಳಾಳಿಂದಲೇ. ಅದೂ ಗಣಿತದಿಂದ.

ಬೈಲಹೊಂಗಲದಲ್ಲಿ ಶಿಕ್ಷಕರಿಗೊಂದು ತರಬೇತಿಯಾಯಿತು. ಅಲ್ಲಿ ಚದುರು ನಕ್ಷೆಯ ಪಾಠ ಹೇಳಿಕೊಟ್ಟರು. ಎರಡು ಸಂಗತಿ ತೆಗೆದುಕೊಳ್ಳಬೇಕು. ಒಂದನ್ನು ಅಡ್ಡಗೆರೆಯ ಮೇಲೆ, ಇನ್ನೊಂದನ್ನು ನಿಂತ ಗೆರೆಯ ಮೇಲೆ ಅಳೆದು, ಒಬ್ಬೊಬ್ಬರ ಹೆಸರಿಗೆ ಒಂದೊಂದು ಚುಕ್ಕಿ ಇಡಬೇಕು. ಚುಕ್ಕಿಗಳೆಲ್ಲ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಇರುವೆಯ ಸಾಲಿನಂತೆ ಹತ್ತಿದರೆ, ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚುತ್ತದೆ. ಇಳಿಜಾರು ಹಿಡಿದರೆ, ಒಂದು ಹೆಚ್ಚಿದಂತೆ ಇನ್ನೊಂದು ಕಡಿಮೆ. ಕೋಳಿಗೆ ಜೋಳ ಚೆಲ್ಲಿದಂತೆ ಎಲ್ಲೆಂದರಲ್ಲಿ ಬಿದ್ದರೆ ಒಂದಕ್ಕೊಂದು ನಂಟಿಲ್ಲ. ಈ ನಂಟಿಗೆ ಪುಸ್ತಕದ ಹೆಸರು ಸಹಸಂಬಂಧ. ಮಕ್ಕಳ ಬದುಕಿನಿಂದಲೇ ಲೆಕ್ಕ ತೆಗೆಯಿರಿ ಎಂದು ತರಬೇತಿಯವರು ಹೇಳಿ ಕಳಿಸಿದ್ದರು.

ಒಂಬತ್ತನೇ ಇಯತ್ತೆಯ ಮಕ್ಕಳ ಬದುಕಿನಲ್ಲಿ ಅಳೆಯಲಿಕ್ಕೆ ಬರುವಂಥದ್ದು ಏನಿದೆ ಎಂದು ಕೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ತಾನು ತಿನ್ನುವ ರೊಟ್ಟಿ ಎಂದ. ಇನ್ನೊಬ್ಬ ತನ್ನಪ್ಪ ಬಯ್ಯುವ ಬೈಗುಳ ಎಂದ. ಅದು ಎಣಿಕೆಗೆ ಸಿಗುವುದಿಲ್ಲವೆಂದು ಮಂಜುಳಾ ಬಿಟ್ಟಳು. ಕಡೆಗೆ ಗೌರೀಶನೆಂಬ ಗುಂಡನೆಯ ಹುಡುಗ ಎದ್ದು, ಪುರಾಣಕ್ಕೆ ಎಷ್ಟು ದಿನ ಹೋಗಿದ್ದೇವೆ ಎಂಬುದನ್ನು ತಗೊಳ್ಳೋಣ ಎಂದ. ನೆನಪಿರುತ್ತದೆಯೇನು ಎಂದರೆ, ಅದರ ಚಿಂತೆ ಬೇಡವೆಂದ. ಯಾವ ದಿನ ಹುಗ್ಗಿ, ಯಾವ ದಿನ ಶಿರಾ, ಯಾವ ದಿನ ಬರೀ ಚುರಮರಿ ಕೊಟ್ಟು ಸಾಗಹಾಕಿದರು ಎಂಬುದು ಇಡೀ ವರ್ಗಕ್ಕೆ ಬಾಯಿಪಾಠವಿತ್ತು. ಬಾರದೆ ಬಂದೆನೆಂದವನನ್ನು ಉಳಿದವರು ಪ್ರಸಾದದ ಮೇಲೆ ಹಿಡಿದು ಹಾಕುತ್ತಿದ್ದರು.

ಅಡ್ಡಗೆರೆಯ ಮೇಲೆ ಪುರಾಣದ ದಿನಗಳು, ನಿಂತ ಗೆರೆಯ ಮೇಲೆ ಜುಲೈ ತಿಂಗಳ ಗಣಿತದ ಕಿರುಪರೀಕ್ಷೆಯ ಅಂಕಗಳು. ದೊಡ್ಡ ಹಾಳೆಯ ಮೇಲೆ ಮಕ್ಕಳು ಒಬ್ಬೊಬ್ಬರೇ ಬಂದು ಚುಕ್ಕಿ ಇಟ್ಟರು. ಇಟ್ಟು ಮುಗಿಸಿ ದೂರ ಸರಿದು ನೋಡಿದರೆ ಚುಕ್ಕಿಗಳು ಚೆಂದಾಗಿ ಮೇಲಕ್ಕೆ ಹತ್ತಿದ್ದವು. ಪುರಾಣ ಹೆಚ್ಚು ಕೇಳಿದವರಿಗೆ ಅಂಕ ಹೆಚ್ಚು. ಒಂದೇ ಒಂದು ಚುಕ್ಕಿ ಮಾತ್ರ ಎಡಗಡೆ ತುದಿಗೆ, ಎಲ್ಲರಿಗಿಂತ ಎತ್ತರಕ್ಕೆ, ಒಂಟಿಯಾಗಿ ನಿಂತಿತ್ತು. ಅದು ಉಜ್ಮಾಳದು. ಮಠಕ್ಕೆ ಮೈಕು ಹಾಕಿಕೊಡುವ ಇಸ್ಮಾಯಿಲಸಾಬನ ಮಗಳು, ವರ್ಗದಲ್ಲಿ ಮೊದಲನೆಯವಳು, ಪುರಾಣಕ್ಕೆ ಒಂದು ದಿನವೂ ಹೋದವಳಲ್ಲ.

ಮಂಜುಳಾಳಿಗೆ ಮೈ ಜುಮ್ಮೆಂದಿತು. ಪಾಠದ ಇನ್ನರ್ಧ ಬಾಕಿಯಿತ್ತು. ಎರಡು ಕೂಡಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ, ಎರಡನ್ನೂ ಹಿಂದಿನಿಂದ ಮೂರನೆಯದೊಂದು ಎತ್ತುತ್ತಿರಬಹುದು ಎಂಬುದು ಆ ಇನ್ನರ್ಧ. ಅಷ್ಟರಲ್ಲಿ ಗಂಟೆಯಾಯಿತು. ಮರುದಿನ ಸ್ವಾತಂತ್ರ್ಯ ದಿನದ ಕವಾಯತು. ಪಾಠ ಅಲ್ಲಿಗೇ ನಿಂತಿತು. ನಿಂತದ್ದಕ್ಕೆ ಅವಳಿಗೆ ಅಂಥ ವ್ಯಸನವೂ ಆಗಲಿಲ್ಲ. ತನ್ನ ಗಣಿತವೂ ತನ್ನ ಪುರಾಣವೂ ಒಂದೇ ಹಾಳೆಯ ಮೇಲೆ ಕೈಹಿಡಿದು ನಿಂತದ್ದನ್ನು ನೋಡುತ್ತ ನೋಡುತ್ತ ಅದನ್ನೇ ಒಯ್ದು ಶಾಲೆಯ ಪಡಸಾಲೆಯ ಗೋಡೆಗೆ ಅಂಟಿಸಿಬಿಟ್ಟಳು.

ಹದಿನೈದನೇ ತಾರೀಖು ಝಂಡಾ ಏರಿಸಲು ಬಸವಣ್ಣೆಪ್ಪನವರು ಬಂದರು. ಶಾಲೆಯ ಸಮಿತಿಗೂ ಅವರೇ ಹಿರಿಯರು, ಮಠದ ಕಮಿಟಿಗೂ ಅವರೇ. ಹಾಳೆಯ ಮುಂದೆ ನಿಂತು, ಇದೇನು ಕನ್ನಡಿ ಒರೆಸದೆ ಬಿಟ್ಟಂಗೆ ಚುಕ್ಕಿ ಚುಕ್ಕಿ ಎಂದು ಕೇಳಿದರು. ಮಂಜುಳಾ ತಿಳಿಸಿ ಹೇಳಿದಳು. ಅವರು ಒಂದು ಸಲ ಕೇಳಿದರು, ಇನ್ನೊಂದು ಸಲ ಹೇಳಿಸಿದರು, ಮೂರನೆಯ ಸಲ ತಾವೇ ಬೆರಳಿಟ್ಟು ಪಕ್ಕದವರಿಗೆ ಹೇಳಿದರು. ಅಂದು ಸಂಜೆ ಮಠದ ಮೈಕಿನಲ್ಲಿ ಊರಿಗೆಲ್ಲ ಸಾರಿದರು: ಪುರಾಣ ಕೇಳಿದರೆ ಗಣಿತದಲ್ಲಿ ಮಾರ್ಕ್ಸ್ ಬೀಳುತ್ತವೆ, ಇದು ಸಾಲಿಯ ಲೆಕ್ಕದಲ್ಲಿ ಸಾಬೀತಾಗಿದೆ, ಅನುಮಾನವಿದ್ದವರು ಹೋಗಿ ಗೋಡೆ ನೋಡಿರಿ.

ಮರುದಿನದಿಂದ ಮಠದಲ್ಲಿ ಕಾಲಿಡಲು ಜಾಗವಿಲ್ಲ. ತಾಯಂದಿರು ಮಕ್ಕಳ ರಟ್ಟೆ ಹಿಡಿದು ತಂದು ಸಾಲಾಗಿ ಕೂರಿಸಿದರು. ಮಂಜುಳಾಳ ಕಂಬಕ್ಕೆ ಎರಡನೇ ಇಯತ್ತೆಯ ನಾಲ್ಕು ಮಕ್ಕಳು ಒರಗಿ ಬಾಯಿ ತೆರೆದು ಮಲಗಿದ್ದವು. ದೊಡ್ಡವರು ಪದ್ಯ ಸಾಗುತ್ತಿದ್ದಂತೆ ತೊಡೆಯ ಮೇಲೆ ಪುಸ್ತಕ ಬಿಚ್ಚಿ ಮಗ್ಗಿ ಮಣಮಣಿಸುತ್ತಿದ್ದರು. ಎರಡೂ ಪುಣ್ಯ ಒಂದೇ ಏಟಿಗೆ. ಬಂದು ಮುಖ ತೋರಿಸಿ ಪ್ರಸಾದ ತಗೊಂಡು ಓಡುವವರು ಹೆಚ್ಚಾದಾಗ ಬಸವಣ್ಣೆಪ್ಪನವರು ಹಾಜರಿ ಹಿಡಿಯಲು ಶುರುಮಾಡಿದರು. ಅದೂ ಮೊದಲಿಗಲ್ಲ, ಕೊನೆಗಲ್ಲ, ನಟ್ಟನಡುವೆ.

ಪುರಾಣದಲ್ಲಿ ಆಗ ಶರಣೆಯೊಬ್ಬಳ ಕಥೆ ನಡೆದಿತ್ತು. ಗುರುವಿನ ದರ್ಶನಕ್ಕೆ ಹೊರಟವಳು ಅಡವಿಯಲ್ಲಿ ದಾರಿ ತಪ್ಪಿ ನಿಂತಿದ್ದಾಳೆ. ಕತ್ತಲಾಗಿದೆ. ಅಜ್ಜ ಕಣ್ಣು ಮುಚ್ಚಿ, ದನಿಯನ್ನು ಪಾತಾಳಕ್ಕಿಳಿಸಿ, ಪೊದೆಯ ಹಿಂದೆ ಹುಲಿಯೊಂದು ಗುರುಗುಟ್ಟಿತು ಎನ್ನುವ ಪದ್ಯ ಮುಗಿಸಿ ಅರ್ಥಕ್ಕೆ ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಸವಣ್ಣೆಪ್ಪನವರು ಮೈಕು ಈಸಿಕೊಂಡರು.

“ಗೌರೀಶ.”

“ಹಾಜರ ರೀ.”

“ಸುನೀಲ.”

“ಬಂದಾನ್ರಿ, ಮಲಗ್ಯಾನ.”

“ಮಲಗಿದ್ರೂ ನಡೀತೈತಿ. ಕಿವಿ ತೆರದ ಇರತಾವ.”

ಎಲ್ಲ ಹೆಸರು ಮುಗಿಯುವವರೆಗೆ ಹುಲಿ ಪೊದೆಯ ಹಿಂದೆ ಕಾಯುತ್ತ ಕೂತಿತು. ಅಜ್ಜ ಗ್ರಂಥದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತರು. ಮೂರು ದಿನ ಹೀಗೇ ಆಗಿ, ಕಥೆ ಹುಲಿಯ ಪದ್ಯದಾಚೆ ಸರಿಯಲೇ ಇಲ್ಲ. ನಾಲ್ಕನೆಯ ದಿನ ಮಂಗಳಾರತಿಯಾದ ಮೇಲೆ ಅವರು ಮಂಜುಳಾಳನ್ನು ಹತ್ತಿರ ಕರೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ದಣದ ಮಲಗೂ ಮಂದೀಗೆ ನಾ ಓದೇನಿ, ಯವ್ವಾ. ಡ್ಯೂಟಿ ಮ್ಯಾಲ ಮಲಗೂ ಮಂದೀಗೆ ಓದೂದು ನನಗ ಬರೂದಿಲ್ಲ. ಐತವಾರ ಕಡೀದು. ಸೋಮವಾರ ಮುಂಜಾನಿ ಬಸ್ಸಿಗೆ ರಾಮದುರ್ಗಕ್ಕ ಹೋಗತೇನಿ.”

ಮಂಗಲವಾಗದೆ ಪುರಾಣ ಅರ್ಧಕ್ಕೆ ನಿಂತ ಊರು ಎಂದರೆ ಸುತ್ತಲಿನ ಹಳ್ಳಿಗಳು ಏನೆಂದಾವು ಎಂಬುದು ಇರಲಿ. ಅಜ್ಜನ ದನಿ ಇಲ್ಲದ ಶ್ರಾವಣವನ್ನು ಮಂಜುಳಾಳಿಗೆ ನೆನೆಯಲಿಕ್ಕೂ ಆಗಲಿಲ್ಲ. ಇದೆಲ್ಲ ತಾನು ಅರ್ಧಕ್ಕೆ ಬಿಟ್ಟ ಪಾಠದ ಫಲ. ಐತವಾರದೊಳಗೆ ಅದನ್ನು ಬಿಡಿಸಬೇಕಾಗಿತ್ತು.

ಮೊದಲು ಬಸವಣ್ಣೆಪ್ಪನವರ ಮನೆಗೇ ಹೋದಳು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹಾಜರಿ ನಿಲ್ಲಿಸಿರಿ, ಅಜ್ಜಾರಿಗೆ ನೋವಾಗಿದೆ ಎಂದಳು. ದೊಡ್ಡವರಿಗೆ ಒಂದು ಶಾಲು ಹೆಚ್ಚಿಗೆ ಹೊದಿಸೋಣ, ಸಮಾಧಾನವಾಗುತ್ತದೆ ಎಂದರು. ಮಂಜುಳಾ ಆಗ ಲೆಕ್ಕದ ಮಾತೆತ್ತಿದಳು. ಕಿರುಪರೀಕ್ಷೆ ನಡೆದದ್ದು ಜುಲೈದಲ್ಲಿ, ಪುರಾಣ ಶುರುವಾದದ್ದು ಆಗಸ್ಟಿನಲ್ಲಿ. ಮೊದಲೇ ಬಿದ್ದ ಅಂಕಕ್ಕೆ ಆಮೇಲೆ ಕೇಳಿದ ಪುರಾಣ ಕಾರಣವಾಗುವುದು ಹೇಗೆ ಎಂದು ಕೇಳಿದಳು. ಇದಕ್ಕೆ ಉತ್ತರವಿರಲಾರದು ಎಂದು ಅವಳಿಗೆ ಧೈರ್ಯವಿತ್ತು.

ಬಸವಣ್ಣೆಪ್ಪನವರು ಬಸಿಯಲ್ಲಿ ಉಳಿದ ಚಹಾ ಮುಗಿಸಿ ಮೀಸೆ ಒರೆಸಿಕೊಂಡರು.

“ಪರಮಾತ್ಮಗ ಯಾರ ಬರತಾರ, ಯಾರ ಬರೂದಿಲ್ಲ ಅನ್ನೂದು ಮೊದಲ ಗೊತ್ತಿರತೈತಿ ಅಕ್ಕೋರ. ಬರಾವರಿಗೆ ಅಡ್ವಾನ್ಸ್ ಕೊಟ್ಟಾನ.”

ಉಜ್ಮಾ ಒಂದು ದಿನವೂ ಬಾರದೆ ಮೊದಲನೆಯವಳಾಗಿದ್ದಾಳಲ್ಲ ಎಂದಳು.

“ಆಕಿ ಮನಿ ಮಠದ ಹಿಂದ ಐತಿ. ಮೈಕ ಆಕೀ ಅಪ್ಪಂದು. ನಮಗಿಂತ ಮೊದಲ ಆಕೀಗೆ ಕೇಳಸತೈತಿ. ಆಕೀದೂ ಹಾಜರೀನ ಹಿಡೀರಿ.”

ಮಾತಿನಿಂದ ಆಗದ್ದನ್ನು ಚುಕ್ಕಿಯಿಂದಲೇ ಮಾಡಬೇಕೆಂದು ಮಂಜುಳಾ ಶಾಲೆಗೆ ಬಂದಳು. ನಗೆಪಾಟಲಾಗುವಂಥ ಒಂದು ನಂಟು ತೋರಿಸಿದರೆ ಊರು ನಗುತ್ತದೆ, ನಕ್ಕರೆ ಹಳೆಯ ನಂಟಿನ ಪೊಳ್ಳುತನವೂ ತಿಳಿಯುತ್ತದೆ ಎಂಬುದು ಅವಳ ಎಣಿಕೆ. ಮಕ್ಕಳನ್ನು ಕೇಳಿದಳು: ಯಾರ ಯಾರ ಮನೆಯಲ್ಲಿ ಎಷ್ಟೆಷ್ಟು ನಾಯಿ? ಇನ್ನೊಂದು ಹಾಳೆಯ ಮೇಲೆ ಅಡ್ಡಕ್ಕೆ ನಾಯಿಗಳು, ಉದ್ದಕ್ಕೆ ಅದೇ ಅಂಕಗಳು. ಈ ಸಲ ಚುಕ್ಕಿಗಳು ಜಾರುಬಂಡೆಯ ಮೇಲಿಂದ ಇಳಿದಂತೆ ಇಳಿದವು. ನಾಯಿ ಹೆಚ್ಚಿದ ಮನೆಯಲ್ಲಿ ಅಂಕ ಕಡಿಮೆ. ಮೊದಲಿನ ಹಾಳೆಯ ಮಗ್ಗುಲಲ್ಲೇ ಇದನ್ನೂ ಅಂಟಿಸಿ, ಇನ್ನು ಊರು ನಗುವುದನ್ನು ಕಾದಳು.

ಊರು ನಗಲಿಲ್ಲ. ಬಸವಣ್ಣೆಪ್ಪನವರು ಬಂದು ಬಹಳ ಹೊತ್ತು ನೋಡಿ, ನನ್ನ ಮೊಮ್ಮಗ ಯಾಕೆ ಹಿಂದೆ ಬಿದ್ದಿದ್ದಾನೆಂದು ಈಗ ತಿಳಿಯಿತು ಎಂದು ನಿಟ್ಟುಸಿರು ಬಿಟ್ಟರು. ಸಂಜೆಯೊಳಗೆ ಅವರ ಹೊಲದ ಮನೆಯ ಕರಿಯ ನಾಯಿ ಟೆಂಪೋ ಹತ್ತಿ ಕಿತ್ತೂರಿನ ಅವರ ತಂಗಿಯ ಮನೆಗೆ ಹೋಯಿತು. ತಂಗಿಗೆ ಮಕ್ಕಳ ಓದು ಮುಗಿದಿತ್ತು, ಹಾನಿಯಿಲ್ಲ. ಅದನ್ನು ನೋಡಿ ಇನ್ನೊಬ್ಬರು ತಮ್ಮದನ್ನು ಎಂ.ಕೆ. ಹುಬ್ಬಳ್ಳಿಯ ಬೀಗರಿಗೆ ಕೊಟ್ಟುಬಂದರು. ಕೊಡಲು ಬೀಗರಿಲ್ಲದವರು ಊರ ಹೊರಗೆ ಬಿಟ್ಟು ಬಂದರು. ಆ ನಾಯಿಗಳು ಬಿಟ್ಟವರಿಗಿಂತ ಮೊದಲೇ ಮನೆ ಮುಟ್ಟಿ ಬಾಲ ಅಲ್ಲಾಡಿಸುತ್ತ ನಿಂತಿದ್ದವು.

ಸುದ್ದಿ ಕೇಳಿ ಶಟ್ಟೆಪ್ಪಜ್ಜ ಮಾತ್ರ ನಕ್ಕರು. ನೀ ಒಂದು ಹಾಳೆ ಹಚ್ಚಿದರೆ ಊರ ನಾಯಿಗಳು ತಾಲೂಕು ದಾಟುತ್ತವೆ, ನಾನು ಇಷ್ಟು ವರ್ಷ ಓದಿ ಒಬ್ಬನ ತಂಬಾಕು ಬಿಡಿಸಿಲ್ಲ ಎಂದರು. ನಗುತ್ತಲೇ ಕೈಚೀಲಕ್ಕೆ ಧೋತರ ಮಡಚಿ ಹಾಕತೊಡಗಿದರು.

ಶನಿವಾರದ ಮುಂಜಾನೆ ಶಾಲೆಯಲ್ಲಿ ಮಂಜುಳಾ ಎರಡೂ ಹಾಳೆಗಳನ್ನು ಗೋಡೆಯಿಂದ ಕಿತ್ತು ವರ್ಗಕ್ಕೆ ತಂದಳು. ಇನ್ನು ಮಾಡುವುದೇನೂ ತೋಚದೆ, ಹತ್ತು ದಿನದ ಹಿಂದೆ ಗಂಟೆಯಾಯಿತೆಂದು ಬಿಟ್ಟ ಪಾಠವನ್ನೇ ಎತ್ತಿಕೊಂಡಳು. ಮೇಲಿನ ಚುಕ್ಕಿಯವರು ಯಾರು, ಕೆಳಗಿನವರು ಯಾರು, ಹೆಸರು ಹೇಳಿರಿ. ಪುರಾಣವನ್ನೂ ಬಿಡಿ, ನಾಯಿಯನ್ನೂ ಬಿಡಿ. ಮೇಲಿನವರಲ್ಲಿ ಬೇರೆ ಏನು ಒಂದೇ ಸಮ ಇದೆ ಎಂದು ಕೇಳಿದಳು.

ಮೇಲಿನವರೆಲ್ಲ ಬೆಳ್ಳಗಿದ್ದಾರೆ ಎಂದನೊಬ್ಬ. ಹಾಗೇನಿಲ್ಲವೆಂದು ಅವನ ಬಣ್ಣದವರೇ ಎದ್ದರು. ಮೇಲಿನವರು ಸಾಬೂನಿಲ್ಲದೆ ಸ್ನಾನ ಮಾಡುವುದಿಲ್ಲ ಎಂದಳೊಬ್ಬಳು. ಅದನ್ನು ಅಳೆಯುವುದು ಹೇಗೆಂಬ ಚರ್ಚೆ ಗದ್ದಲಕ್ಕೆ ತಿರುಗುವಾಗ ಉಜ್ಮಾ ಕೈ ಎತ್ತಿದಳು.

“ಟೀಚರ, ಮ್ಯಾಲಿನವ್ರು ಹೆಚ್ಚಿನವ್ರು ಊರಾಗಿನವ್ರ ಅದಾರ. ಕೆಳಗಿನವ್ರು ಹೊಲದ ಮನೀಯವ್ರು.”

ಮಂಜುಳಾ ಹೆಸರುಗಳ ಮೇಲೆ ಕಣ್ಣಾಡಿಸಿದಳು. ನಾಯಿ ಸಾಕುವವರು ಹೊಲದ ಮನೆಯವರು. ಈ ಶ್ರಾವಣದ ಎರೆಮಣ್ಣಿನ ರಾಡಿಯಲ್ಲಿ ಸಂಜೆ ಮಠದವರೆಗೆ ಬರಲಾರದವರೂ ಅವರೇ. ಇನ್ನು ಅಂಕ? ಅದನ್ನು ಹೊಲದ ಮನೆಯ ಮಕ್ಕಳನ್ನೇ ಕೇಳಿದಳು. ಅವರು ತಲೆ ತಗ್ಗಿಸಿಕೊಂಡು ಹೇಳಿದರು. ಮುಂಜಾನೆ ಹಾಲು ಹಿಂಡಿ ಡೇರಿಗೆ ಹಾಕಿ, ಕಾಲಿಗೆ ಸೇರುಗಟ್ಟಲೆ ಅಂಟಿದ ಮಣ್ಣು ಕೆರೆದುಕೊಂಡು ಶಾಲೆ ಮುಟ್ಟುವಷ್ಟರಲ್ಲಿ ಮೊದಲನೆಯ ಪೀರಿಯಡ್ಡು ಮುಗಿದಿರುತ್ತದೆ.

ಮೊದಲನೆಯ ಪೀರಿಯಡ್ಡು ಗಣಿತ. ಬೆಳಗಿನ ಹೊತ್ತು ತಲೆ ತಿಳಿಯಾಗಿರುತ್ತದೆ ಎಂದು ಮುಖ್ಯೋಪಾಧ್ಯಾಯರ ಬೆನ್ನು ಬಿದ್ದು ಅದನ್ನು ಹಾಕಿಸಿಕೊಂಡವಳು ಅವಳೇ.

ಐತವಾರ ಸಂಜೆ ಮಠ ತುಂಬಿ ಹೊರಗಿನ ಕಟ್ಟೆಯವರೆಗೂ ಜನ. ಅಜ್ಜ ಗ್ರಂಥಕ್ಕೆ ನಮಸ್ಕರಿಸಿ ಕೂತಿದ್ದರು. ಅವರ ಬೆನ್ನ ಹಿಂದೆ ಕೈಚೀಲ ಗಂಟುಕಟ್ಟಿ ಸಿದ್ಧವಾಗಿತ್ತು. ಮಠದಲ್ಲಿ ಎಂದೂ ತುಟಿ ಬಿಚ್ಚದ ಮಂಜುಳಾ ಸುರುಳಿ ಸುತ್ತಿದ ಹಾಳೆ ಹಿಡಿದು ಎದ್ದು ನಿಂತು, ಪದ್ಯ ಹಿಡಿಯುವ ಮೊದಲು ಒಂದು ಮಾತು ಹೇಳಲು ಅಪ್ಪಣೆಯಾಗಬೇಕು ಎಂದಳು. ಬಸವಣ್ಣೆಪ್ಪನವರು ಹೊಸ ಲೆಕ್ಕ ಬಂತೆಂದು ಹಿಗ್ಗಿ ತಾವೇ ಹಾಳೆಯ ಒಂದು ತುದಿ ಹಿಡಿದರು.

ಗದ್ದುಗೆಯ ಮುಂದಿನ ತಟ್ಟೆಯಲ್ಲಿ ಅರಿಶಿನ ಕುಂಕುಮವಿತ್ತು. ಅವಳು ಬೆರಳು ತೋಯಿಸಿಕೊಂಡು ಊರೊಳಗಿನ ಮಕ್ಕಳ ಚುಕ್ಕಿಗಳಿಗೆ ಕುಂಕುಮ ಇಟ್ಟಳು, ಹೊಲದ ಮನೆಯವರ ಚುಕ್ಕಿಗಳಿಗೆ ಅರಿಶಿನ. ಇಡುತ್ತ ಹೋದಂತೆ ಹಾಳೆಯ ಮೇಲೆ ಎರಡು ಗುಂಪು ಎದ್ದು ಕಂಡವು. ಕೆಂಪೆಲ್ಲ ಮೇಲೆ, ಹಳದಿಯೆಲ್ಲ ಕೆಳಗೆ. ಆಮೇಲೆ ಬರೀ ಕೆಂಪನ್ನು ನೋಡಿರಿ ಎಂದಳು. ಉಜ್ಮಾ ಒಂದು ದಿನವೂ ಬಂದಿಲ್ಲ, ಎಲ್ಲರಿಗಿಂತ ಮೇಲಿದ್ದಾಳೆ. ಗೌರೀಶ ಒಂದು ದಿನವೂ ತಪ್ಪಿಸಿಲ್ಲ, ಕೆಂಪಿನಲ್ಲೇ ಕೆಳಗಿದ್ದಾನೆ. ಗೌರೀಶ ಬಾಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದ. ಇನ್ನು ಬರೀ ಹಳದಿ ನೋಡಿರಿ. ಅಲ್ಲಿಯೂ ಜೋಳ ಚೆಲ್ಲಿದ ಹಾಗೆ. ಪುರಾಣಕ್ಕೂ ಅಂಕಕ್ಕೂ ನಂಟು ಕಟ್ಟಿದ್ದು ರಸ್ತೆಯ ರಾಡಿ, ಹಾಲಿನ ಹೊತ್ತು ಮತ್ತು ನನ್ನ ಮೊದಲನೆಯ ಪೀರಿಯಡ್ಡು ಎಂದಳು. ನಾಳೆಯಿಂದ ಗಣಿತ ಮಧ್ಯಾಹ್ನದ ಊಟದ ನಂತರ ಎಂದೂ ಹೇಳಿದಳು.

ಬಸವಣ್ಣೆಪ್ಪನವರು ಹಾಳೆಯ ತುದಿ ಬಿಡದೆ ಮೆಲ್ಲಗೆ ಕೇಳಿದರು.

“ಹಂಗಾರ ನಾಯಿ?”

“ಹೊಲದ ಮನೀಗೆ ನಾಯಿ ಬೇಕ ಬೇಕಲ್ರಿ ಯಜಮಾನ್ರ.”

ಅವರು ಕಿತ್ತೂರಿನ ದಿಕ್ಕಿಗೆ ನೋಡಿದರು.

ಹೆಂಗಸರ ಸಾಲಿನಲ್ಲಿ ಇಂದ್ರವ್ವ ಎದ್ದಳು. ಹಳ್ಳದಾಚೆಯ ಹೊಲದ ಮನೆಯಿಂದ ಬ್ಯಾಟರಿ ಹಿಡಿದು, ರಾಡಿ ತುಳಿದು, ಮೈಕಿನಲ್ಲಿ ಸಾರಿದಂದಿನಿಂದ ದಿನಾ ಮಗನನ್ನು ಕರೆತರುತ್ತಿದ್ದವಳು. ಮಗ ಅವಳ ಹೆಗಲ ಮೇಲೆಯೇ ನಿದ್ದೆ ಹೋಗಿದ್ದ.

“ಒಂದ ಮಾತ ಖರೇ ಹೇಳ್ರಿ ಅಕ್ಕೋರ. ಇಲ್ಲಿ ಬಂದ ಕುಂತ್ರ ಮಾರ್ಕ್ಸ ಬರತಾವೋ, ಇಲ್ಲೋ?”

ಎದುರಿಗೆ ಗದ್ದುಗೆ, ಬಲಕ್ಕೆ ಗ್ರಂಥ, ನಡುವೆ ಮಂಜುಳಾ. ಹುಟ್ಟಿದಾಗಿನಿಂದ ಪದ್ಯ ಕೇಳಿ ಬೆಳೆದವಳಿಗೆ ಈ ಜಾಗದಲ್ಲಿ ನಿಂತು ಆ ಶಬ್ದ ಆಡುವುದು ನಾಲಗೆಯ ಮೇಲೆ ಕೆಂಡ ಇಟ್ಟುಕೊಂಡಂತಿತ್ತು. ಅಜ್ಜನ ಮುಖ ನೋಡುವ ಧೈರ್ಯವಾಗಲಿಲ್ಲ.

“ಇಲ್ಲ,” ಎಂದಳು.

ಆಮೇಲೆ ಮೂಲೆಯಲ್ಲಿ ಯಾರದೋ ಸೀರೆಯ ಸದ್ದು. ಒಬ್ಬಳು ಮಗುವನ್ನು ಎಬ್ಬಿಸಿದಳು, ಇನ್ನೊಬ್ಬಳು ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದು ನೆನಪಾಯಿತು ಎಂದಳು, ಮತ್ತೊಬ್ಬಳು ನೆಪವನ್ನೂ ಹೇಳದೆ ಹೊರಟಳು. ನೋಡನೋಡುತ್ತ ಮಠ ಸಂತೆ ಮುಗಿದ ಬಯಲಿನಂತಾಯಿತು. ಉಳಿದವರು ಹಳೆಯ ಮುದುಕ ಮುದುಕಿಯರು, ಮೈಕಿನ ಪೆಟ್ಟಿಗೆಯ ಹತ್ತಿರ ಇಸ್ಮಾಯಿಲಸಾಬ, ಪ್ರಸಾದ ಇನ್ನೂ ಆಗಿಲ್ಲವೆಂದು ಗೌರೀಶ, ಮತ್ತು ಇಂದ್ರವ್ವ. ಹಾಜರಿಯ ಹಾಳೆಯನ್ನು ಬಸವಣ್ಣೆಪ್ಪನವರು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಇಂದ್ರವ್ವ ನಿಂತೇ ಇದ್ದಳು. ಬ್ಯಾಟರಿಗೆ ಸೆಲ್ಲು ಹಾಕಿಸಿಕೊಂಡು ಹೋಗುತ್ತೀಯೇನು ಎಂದು ಯಾರೋ ಕೇಳಿದರು. ಅವಳು ಕೇಳದವಳಂತೆ ಮಗನನ್ನು ಚಾಪೆಯ ಮೇಲೆ ಮಲಗಿಸಿ, ಸೆರಗು ಹೊದಿಸಿ, ಅಜ್ಜನ ಎದುರಿಗೆ ಬಂದು ಕೂತಳು.

“ಮಾರ್ಕ್ಸ ಇರಲಿ ಬಿಡ್ರಿ. ಆ ಹೆಣಮಗಳ ಮುಂದ ಹುಲಿ ಬಂದಿತ್ತಲ್ರಿ ಅಜ್ಜಾರ, ಆಕೀ ಗತಿ ಏನಾತು? ಎಷ್ಟ ದಿನದಿಂದ ಹಾಜರ್ಯಾಗ ಕೇಳಾಕ ಆಗವಲ್ದು.”

ಅಜ್ಜ ಗ್ರಂಥ ಬಿಚ್ಚಿದರು. ಕಣ್ಣು ಮುಚ್ಚಿ, ದನಿಯನ್ನು ಪಾತಾಳಕ್ಕಿಳಿಸಿ, ಹುಲಿಯ ಪದ್ಯವನ್ನು ಮೊದಲಿಂದ ಎತ್ತಿಕೊಂಡರು. ಈ ಸಲ ಯಾರೂ ಯಾರ ಹೆಸರನ್ನೂ ಕೂಗಲಿಲ್ಲ. ಹುಲಿ ಪೊದೆಯಿಂದ ಹೊರಗೆ ಬಂತು, ಶರಣೆಯ ಕಾಲ ಬಳಿ ಬಂದು ನಿಂತಿತು. ಅವಳು ಅದರ ತಲೆಯ ಮೇಲೆ ಕೈಯಿಟ್ಟು ದಾರಿ ಕೇಳಿದಳು. ಇಂದ್ರವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಉಸಿರು ಬಿಗಿಹಿಡಿದಳು. ಮಂಜುಳಾ ಎಲ್ಲಿ ಕೂತಿದ್ದಾಳೆಂಬುದನ್ನೇ ಮರೆತು, ಬಾಗಿಲ ಹತ್ತಿರದ ಬರಿಯ ನೆಲದ ಮೇಲೆ, ಕೈಯಲ್ಲಿ ಅರಿಶಿನ ಕುಂಕುಮ ಮೆತ್ತಿದ್ದು ಹಾಗೇ ಇರಲು, ಕೇಳುತ್ತಿದ್ದಳು.

ಮಂಗಳಾರತಿಯಾಯಿತು. ಬಸವಣ್ಣೆಪ್ಪನವರು ತಲೆಗೆ ಸುತ್ತಿದ ರುಮಾಲು ಸಡಿಲಿಸುತ್ತ ಅಜ್ಜನ ಹತ್ತಿರ ಬಂದು, ತಮ್ಮಿಂದ ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದೂ, ನಾಳೆ ಮುಂಜಾನೆ ಬಸ್ಸಿಗೆ ತಾವೇ ಬಂದು ಮುಟ್ಟಿಸುವುದಾಗಿಯೂ ಹೇಳಿದರು.

ಶಟ್ಟೆಪ್ಪಜ್ಜ ಗ್ರಂಥಕ್ಕೆ ಬಟ್ಟೆ ಸುತ್ತುತ್ತಿದ್ದರು.

“ಯಾವ ಬಸ್ಸೋ ಬಸವಣ್ಣೆಪ್ಪ? ಆಕಿ ಇನ್ನೂ ಅಡವ್ಯಾಗ ಅದಾಳ. ನಡುವ ಬಿಟ್ಟ ನಾ ಹ್ಯಾಂಗ ಹೋಗಲಿ?”

“ಹಂಗಾದ್ರ ನಾಳಿಂದ ಒಂದ ಸ್ವಲ್ಪ ಲಗೂನ ಸುರು ಮಾಡ್ರಿ,” ಎಂದಳು ಇಂದ್ರವ್ವ, ಮಗನನ್ನು ಹೆಗಲಿಗೆ ಹಾಕಿಕೊಳ್ಳುತ್ತ. “ನಮ್ಮ ಕಡಿ ರಾಡಿ ಭಾಳ ಐತಿ.”

ಹೀಗೆ ಆ ವರ್ಷ ಮಠದ ಪುರಾಣ ದೀಪ ಹಚ್ಚುವ ಮೊದಲೇ ಶುರುವಾಗತೊಡಗಿತು.